ಇಸವಿಯ ಕೆಳಗೊಂದು ಚುಕ್ಕೆ

ಹತ್ತಿರದಲ್ಲಿ 10 ರೂಪಾಯಿ ನಾಣ್ಯ ಇದ್ದರೆ ಈಗಲೇ ತೆಗೆದು ನೋಡಿ. ಯುಪಿಐ ಬಂದ ಮೇಲೆ ಜೇಬಲ್ಲಿ ಚಿಲ್ಲರೆ ಇಟ್ಟುಕೊಳ್ಳೋರು ಕಮ್ಮಿ, ಗೊತ್ತು. ಕಾರಿನಲ್ಲಿ ಟೋಲ್ ಚಿಲ್ಲರೆ ಹಾಕುತ್ತಿದ್ದ ಜಾಗದಲ್ಲಿ, ದೇವರ ಮನೆ ತಟ್ಟೆಯಲ್ಲಿ ಹುಡುಕಿ, ಸಿಗುತ್ತೆ. ಇಸವಿ ಇರುವ ಕಡೆ ತಿರುಗಿಸಿ, ಆ ನಾಲ್ಕು ಅಂಕಿಗಳ ಕೆಳಗೆ ಮೊಬೈಲ್ ಕ್ಯಾಮೆರಾ ಹಿಡಿದು ಜೂಮ್ ಮಾಡಿ.

ಪುಟ್ಟ ವಜ್ರದ ಆಕಾರ ಕಂಡರೆ ಅದು ಮುಂಬಯಿ ಟಂಕಸಾಲೆಯದು. ಐದು ಮೂಲೆಯ ನಕ್ಷತ್ರ ಇದ್ದರೆ ಹೈದರಾಬಾದ್. ದುಂಡನೆ ಚುಕ್ಕೆ ಇದ್ದರೆ ನೋಯ್ಡಾ. ಏನೂ ಇಲ್ಲದಿದ್ದರೆ ಕೋಲ್ಕತ್ತ.

ನಮ್ಮ ದೇಶದಲ್ಲಿ ನಾಣ್ಯ ಹೊಡೆಯೋದು ಈ ನಾಲ್ಕೇ ಊರುಗಳಲ್ಲಿ. ಕೋಲ್ಕತ್ತದ್ದು ಎಲ್ಲಕ್ಕಿಂತ ಹಳೆಯದು, ಈಸ್ಟ್ ಇಂಡಿಯಾ ಕಂಪನಿ ಕಾಲದ 1757ರ ಮೂಲ. ಈಗಿನ ಅಲಿಪುರದ ಕಟ್ಟಡ ಶುರುವಾಗಿದ್ದು 1952ರಲ್ಲಿ. ಮುಂಬಯಿಯದು 1829ರದ್ದು. ಹೈದರಾಬಾದಿನದು ನಿಜಾಮರ ಟಂಕಸಾಲೆ, ಆಮೇಲೆ ಭಾರತ ಸರ್ಕಾರದ ಕೈಗೆ ಬಂತು, 1997ರಲ್ಲಿ ಚೆರ್ಲಪಲ್ಲಿಗೆ ಹೋಯಿತು. ನೋಯ್ಡಾ ಮಾತ್ರ ಸ್ವಾತಂತ್ರ್ಯ ಬಂದ ಮೇಲೆ ಕಟ್ಟಿದ್ದು, 1988ರಿಂದ ನಾಣ್ಯ ಹೊಡೆಯುತ್ತಿದೆ. ನಾಲ್ಕೂ ಈಗ ಒಂದೇ ಸರ್ಕಾರಿ ನಿಗಮದ ಕೆಳಗಿವೆ.

ಹಳೆ ಡಬ್ಬಗಳಲ್ಲಿ ಐದನೆಯದು, ಆರನೆಯದೂ ಸಿಗಬಹುದು. 1985ರ ಕೆಲವು 1 ರೂಪಾಯಿ ನಾಣ್ಯಗಳಲ್ಲಿ ಇಸವಿಯ ಕೆಳಗೆ ಇಂಗ್ಲಿಷಿನ ಎಚ್ ಅಕ್ಷರ ಇರುತ್ತದೆ, ಅವು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ತಯಾರಾದವು. ಆಗ ಚಿಲ್ಲರೆಗೆ ಎಷ್ಟು ಬರ ಇತ್ತು ಅಂದರೆ ನಮ್ಮ ರೂಪಾಯಿಯನ್ನು ಹೊರದೇಶದಲ್ಲಿ ಹೊಡೆಸಿ ಹಡಗಲ್ಲಿ ತರಿಸಿಕೊಂಡರು. 2000ದ ಆಸುಪಾಸಿನಲ್ಲೂ ಹಾಗೇ ಆಯ್ತು, ಮಾಸ್ಕೋದಲ್ಲಿ ಹೊಡೆದ 5 ರೂಪಾಯಿ ನಮ್ಮ ಸಂತೆಗಳಲ್ಲಿ ಓಡಾಡಿತು. ಚಿಕ್ಕವರಿದ್ದಾಗ ನೀವೂ ಅದರಲ್ಲಿ ಒಂದು ಪ್ಯಾಕೆಟ್ ಬೋಟಿ ತಗೊಂಡಿರಬಹುದು.

ಇಷ್ಟು ತಿಳಿದ ಮೇಲೆ ಯಾರಿಗಾದರೂ ಬರೋ ಪ್ರಶ್ನೆ ಒಂದೇ. ನಾಲ್ಕರಲ್ಲಿ ಯಾವುದು ಚೆನ್ನಾಗಿ ಹೊಡೆಯುತ್ತೆ?

ನಾಣ್ಯ ಕೂಡಿಡುವ ಹವ್ಯಾಸದವರನ್ನು ಕೇಳಿದರೆ ಒಬ್ಬೊಬ್ಬರು ಒಂದೊಂದು ಊರಿನ ಪರ ನಿಲ್ಲುತ್ತಾರೆ, ಐಪಿಎಲ್ ತಂಡಗಳ ಹಾಗೆ. ನನಗೆ ಆ ಹವ್ಯಾಸ ಇಲ್ಲ. ನಾನು ಈ ಪ್ರಶ್ನೆಗೆ ಬಂದದ್ದು ಬೇರೆ ದಾರಿಯಿಂದ, ನಮ್ಮ ಅತ್ತೆಯ ಬೋರ್ನ್‌ವಿಟಾ ಡಬ್ಬದಿಂದ.

ಅತ್ತೆಯದು ರಾಮನಗರದಲ್ಲಿ ಹಣ್ಣು ಕಾಯಿ, ಹೂವು, ಕರ್ಪೂರದ ಸಣ್ಣ ಅಂಗಡಿ. ಬೇರೆ ಅಂಗಡಿಗಳಲ್ಲಿ ನಡೆಯದ 10 ರೂಪಾಯಿ ನಾಣ್ಯವೆಲ್ಲ ದೇವಸ್ಥಾನದ ಮುಂದಿನ ಅಂಗಡಿಗೆ ಬಂದು ಬೀಳುತ್ತೆ. ದೇವರಿಗೆ ಬಂದವರನ್ನು ವಾಪಸ್ ಕಳಿಸೋಕೆ ಅತ್ತೆಗೆ ಮನಸ್ಸು ಬರಲ್ಲ, ತಗೋತಾರೆ. ಆದರೆ ಅವರಿಗೆ ಮಾಲು ಹಾಕುವವನು ತಗೊಳಲ್ಲ. "ಇದ್ರಲ್ಲಿ ಗೆರೆ ಕಮ್ಮಿ ಐತೆ, ಇದು ಡೂಪ್ಲಿಕೇಟು", "ಇದ್ರಲ್ಲಿ ರೂಪಾಯಿ ಗುರ್ತೇ ಇಲ್ಲ", "ಇದ್ರ ಕೆಳ್ಗಡೆ ಚುಕ್ಕೆ ಇಲ್ಲ" ಅಂತ ಒಂದೊಂದು ಸಲ ಒಂದೊಂದು ಕಾರಣ. ಕಳೆದ ದೀಪಾವಳಿ ಹೊತ್ತಿಗೆ ಡಬ್ಬದಲ್ಲಿ 412 ನಾಣ್ಯ ಸೇರಿದ್ದವು. 4,120 ರೂಪಾಯಿ. ಮೂರು ಕೆಜಿ ಮೇಲೆ ತೂಕ. ದಿನಕ್ಕೆ ನಾನೂರು ಐನೂರು ಉಳಿಸೋ ಅಂಗಡಿಗೆ ಅದು ಹತ್ತು ದಿನದ ಗಳಿಕೆ, ಡಬ್ಬದಲ್ಲಿ ಸುಮ್ಮನೆ ಕೂತಿದೆ.

"ನೀನು ಇಂಜಿನಿಯರ್ರಲ್ವಾ, ಯಾವ್ದು ಅಸ್ಲಿ ಯಾವ್ದು ನಕ್ಲಿ ನೋಡಿ ಬೇರೆ ಮಾಡ್ಕೊಡು ಕಣಪ್ಪ" ಅಂದರು. ಸಾಫ್ಟ್‌ವೇರ್ ಇಂಜಿನಿಯರ್ ಅಂದರೆ ಮಿಕ್ಸಿಯಿಂದ ಹಿಡಿದು ನಾಣ್ಯದವರೆಗೆ ಎಲ್ಲ ರಿಪೇರಿ ಮಾಡ್ತಾನೆ ಅನ್ನೋದು ನಮ್ಮ ಮನೆಯವರ ಗಟ್ಟಿ ನಂಬಿಕೆ. ಎರಡು ಭಾನುವಾರ ಅದಕ್ಕೇ ಹೋಯಿತು.

ಮೊದಲು ಗುರುತಿನ ಪ್ರಕಾರ ನಾಲ್ಕು ಗುಡ್ಡೆ. ಆಮೇಲೆ ಪ್ರತಿ ಗುಡ್ಡೆಯಲ್ಲಿ ವಿನ್ಯಾಸ ಮತ್ತು ಇಸವಿಯ ಪ್ರಕಾರ ಸಣ್ಣ ಗುಡ್ಡೆ. ಹೋಲಿಸೋದಾದರೆ ಒಂದೇ ಇಸವಿಯ, ಒಂದೇ ವಿನ್ಯಾಸದ, ಹೆಚ್ಚು ಸವೆಯದ ನಾಣ್ಯಗಳನ್ನೇ ಎದುರುಬದುರು ಇಡಬೇಕು. ಇಲ್ಲದಿದ್ದರೆ ನಾವು ಹೋಲಿಸೋದು ಟಂಕಸಾಲೆಯನ್ನಲ್ಲ, ಆ ನಾಣ್ಯ ಎಷ್ಟು ಜನರ ಜೇಬು ಸುತ್ತಿದೆ ಅನ್ನೋದನ್ನ. ಬಹಳ ಜನ ಇಲ್ಲೇ ಎಡವುತ್ತಾರೆ. ಹತ್ತು ವರ್ಷ ಬಸ್ಸಲ್ಲಿ ಓಡಾಡಿದ ಕೋಲ್ಕತ್ತದ ನಾಣ್ಯವನ್ನು ನಿನ್ನೆ ಬ್ಯಾಂಕಿನಿಂದ ಬಂದ ನೋಯ್ಡಾ ನಾಣ್ಯದ ಪಕ್ಕ ಇಟ್ಟು ಫೋಟೋ ತೆಗೆದು ತೀರ್ಪು ಕೊಟ್ಟುಬಿಡುತ್ತಾರೆ.

ಸವೆತ ಬೇರೆ, ಕೆಟ್ಟ ಒತ್ತು ಬೇರೆ. ಸವೆದ ನಾಣ್ಯದಲ್ಲಿ ಉಬ್ಬಿದ ಭಾಗ ನುಣ್ಣಗೆ ಹೊಳೆಯುತ್ತೆ, ಕೈ ತಾಗಿ ತಾಗಿ ಪಾತ್ರೆ ತಳದ ಹಾಗೆ ಆಗಿರುತ್ತೆ. ಒತ್ತು ಸಾಲದ ನಾಣ್ಯದಲ್ಲಿ ಅದೇ ಭಾಗ ಮೊದಲಿಂದಲೂ ತುಂಬಿರೋದೇ ಇಲ್ಲ, ಸಿಂಹದ ಮೂಗು ಮೂಡಿರಲ್ಲ, ಆದರೆ ಸುತ್ತಲಿನ ಬಯಲು ಹೊಸದರಂತೆ ಇರುತ್ತೆ. ಇದೊಂದು ಗೊತ್ತಾದರೆ ಅರ್ಧ ಕೆಲಸ ಮುಗೀತು.

ನಾನು ನೋಡಿದ್ದು ನಾಲ್ಕು ವಿಷಯ. ಸಿಂಹಗಳ ಮುಖ ಎಷ್ಟು ಸ್ಪಷ್ಟ, ಅಂಚಿನ ದಿಂಡು ಸುತ್ತ ಒಂದೇ ಸಮ ಇದೆಯಾ, ಹೊರಗಿನ ಹಳದಿ ಬಳೆ ಮತ್ತು ಒಳಗಿನ ಬಿಳಿ ಬಿಲ್ಲೆ ಸೇರುವ ಕಡೆ ಉಗುರಿಗೆ ಏನಾದರೂ ತಡೆಯುತ್ತಾ, ಎರಡೂ ಮುಖ ನೆಟ್ಟಗೆ ಕೂತಿವೆಯಾ. ಕಡೆಯದನ್ನು ನೀವೂ ಮಾಡಿ ನೋಡಬಹುದು. ನಾಣ್ಯದ ಮೇಲೆ ಕೆಳಗೆ ಎರಡು ಬೆರಳಲ್ಲಿ ಹಿಡಿದು, ಸಿಂಹ ನೆಟ್ಟಗೆ ನಿಲ್ಲಿಸಿ, ಪುಸ್ತಕದ ಹಾಳೆ ತಿರುಗಿಸೋ ಹಾಗೆ ತಿರುಗಿಸಿ. ಹಿಂದಿನ 10 ಕೂಡ ನೆಟ್ಟಗೇ ಇರಬೇಕು. ವಾಲಿದ್ದರೆ ಅಚ್ಚು ತಿರುಗಿದೆ ಅಂತ ಅರ್ಥ.

ಜೊತೆಗೆ ತೂಕ. ನಮ್ಮ ಮಾವನ ಹತ್ತಿರ ರೇಷ್ಮೆ ನೂಲಿನ ಮಾದರಿ ತೂಗುವ ಪುಟ್ಟ ಡಿಜಿಟಲ್ ತಕ್ಕಡಿ ಇದೆ. ಈ ನಾಣ್ಯದ ನಿಗದಿತ ತೂಕ 7.71 ಗ್ರಾಂ, ಅಗಲ 27 ಮಿಲಿಮೀಟರ್. ಕಾನೂನೇ ಸ್ವಲ್ಪ ಆಚೀಚೆ ಆಗೋದಕ್ಕೆ ಅವಕಾಶ ಕೊಟ್ಟಿದೆ; ಕೋಟಿಗಟ್ಟಲೆ ತಯಾರಾಗುವ ಯಾವ ವಸ್ತುವೂ ದಶಮಾಂಶಕ್ಕೆ ಸರಿಯಾಗಿ ಬರಲ್ಲ.

ಫಲಿತಾಂಶ ಎಕ್ಸೆಲ್ ಶೀಟಿನಲ್ಲಿ ಹಾಕಿ ನೋಡಿದೆ. ಡಬ್ಬದಲ್ಲಿ ಅತ್ಯಂತ ಚೆನ್ನಾಗಿ ಮೂಡಿದ ನಾಣ್ಯ ಮತ್ತು ಅತ್ಯಂತ ಮಸುಕಾದ ನಾಣ್ಯ ಎರಡೂ ಒಂದೇ ಗುರುತಿನವು, ಒಂದೇ ಇಸವಿಯವು. ಯಾವ ಗುರುತು ಅಂತ ಬರೆಯಲ್ಲ, ಬರೆದರೆ ನಾಳೆಯಿಂದ ಅತ್ತೆಗೆ ಮಾಲು ಹಾಕೋನು ಆ ಗುರುತನ್ನೂ ಬೇಡ ಅಂತಾನೆ. ಮಿಕ್ಕ ಮೂರು ಗುಡ್ಡೆಗಳ ಕಥೆಯೂ ಹೆಚ್ಚು ಕಮ್ಮಿ ಹಾಗೇ. ಊರಿಂದ ಊರಿಗೆ ಇರೋ ವ್ಯತ್ಯಾಸಕ್ಕಿಂತ ಒಂದೇ ಊರಿನ ಒಂದು ನಾಣ್ಯಕ್ಕೂ ಇನ್ನೊಂದಕ್ಕೂ ಇರೋ ವ್ಯತ್ಯಾಸವೇ ದೊಡ್ಡದು.

ಇದನ್ನ ಮಾವನಿಗೆ ಹೇಳಿದಾಗ ಅವರಿಗೆ ಆಶ್ಚರ್ಯವೇ ಆಗಲಿಲ್ಲ. ಮಾವ ರೀಲರು, ಗೂಡಿನ ಮಾರ್ಕೆಟ್‌ನಲ್ಲೇ ಕೂದಲು ಬೆಳ್ಳಗಾಗಿದೆ. ರಾಮನಗರದ ರೇಷ್ಮೆಗೂಡು ಮಾರುಕಟ್ಟೆ ನೋಡದವರಿಗೆ ಒಂದು ಮಾತು: ರೈತರು ತಂದ ಗೂಡನ್ನು ಲಾಟ್ ಲಾಟ್ ಆಗಿ ಸುರಿದಿರುತ್ತಾರೆ. ರೀಲರುಗಳು ಒಂದೊಂದಕ್ಕೂ ಕೈ ಹಾಕಿ ಒಂದು ಹಿಡಿ ಎತ್ತಿ, ಬೆರಳಲ್ಲಿ ಅದುಮಿ, ಕಿವಿ ಹತ್ತಿರ ಅಲ್ಲಾಡಿಸಿ, ಕಲೆ ಬಿದ್ದ ಗೂಡೆಷ್ಟು, ಜೋಡಿ ಗೂಡೆಷ್ಟು ಅಂತ ಕಣ್ಣಲ್ಲೇ ಎಣಿಸಿ ಮುಂದೆ ಹೋಗುತ್ತಾರೆ. ಹರಾಜು ಈಗ ಆನ್‌ಲೈನ್ ಆಗಿದೆ, ಆದರೆ ಆ ಹಿಡಿ ಎತ್ತೋದು ಆನ್‌ಲೈನ್ ಆಗಿಲ್ಲ.

"ನಾವು ಊರು ನೋಡಿ ರೇಟು ಕಟ್ತೀವಾ? ಲಾಟು ನೋಡಿ ಕಟ್ತೀವಿ. ಒಂದೇ ಮನೆ ಗೂಡು ಹೋದ್ ತಿಂಗ್ಳು ಚಿನ್ನ, ಈ ತಿಂಗ್ಳು ಕಸ. ಬಿಸ್ಲು ಜಾಸ್ತಿ ಆಗಿರ್ತದೆ, ಸೊಪ್ಪು ಸರಿ ಇರಲ್ಲ" ಅಂದರು ಮಾವ.

ಟಂಕಸಾಲೆಯಲ್ಲಿ ಬಿಸಿಲು, ಸೊಪ್ಪಿನ ಜಾಗದಲ್ಲಿರೋದು ಅಚ್ಚು. ಲೋಹದ ಹಾಳೆಯಿಂದ ಬಿಲ್ಲೆ ಕತ್ತರಿಸಿ, ಕಾಯಿಸಿ ಮೆದು ಮಾಡಿ, ತೊಳೆದು, ಅಂಚು ಎಬ್ಬಿಸಿ, ಕೊನೆಗೆ ಮೇಲೊಂದು ಕೆಳಗೊಂದು ಅಚ್ಚಿನ ನಡುವೆ ಇಟ್ಟು ಒತ್ತುತ್ತಾರೆ. ಸುತ್ತ ಒಂದು ಉಕ್ಕಿನ ಬಳೆ ಇರುತ್ತೆ, ಲೋಹ ಆಚೆ ಹರಿಯದ ಹಾಗೆ. ನಾಣ್ಯದ ಪಕ್ಕದಲ್ಲಿರೋ ಗೀರುಗಳು ಮೂಡೋದು ಆ ಬಳೆಯಿಂದಲೇ. 10 ರೂಪಾಯಿಯಲ್ಲಿ ಒಳಗಿನ ಬಿಲ್ಲೆಗೂ ಹೊರಗಿನ ಬಳೆಗೂ ಅಂಟು, ಬೆಸುಗೆ ಏನಿಲ್ಲ. ಒತ್ತಿದ ರಭಸಕ್ಕೆ ಒಳಗಿನದು ಹಿಗ್ಗಿ ಹೊರಗಿನದನ್ನು ಕಚ್ಚಿಕೊಳ್ಳುತ್ತೆ, ಅಷ್ಟೆ. ಹಾಗಾಗಿ ಒತ್ತು ಒಂಚೂರು ಕಮ್ಮಿಯಾದರೂ ಮೊದಲು ಗೊತ್ತಾಗೋದು ಆ ಸಂದಿನಲ್ಲಿ.

ಹೊಸ ಅಚ್ಚಿನ ಮೊದಲ ನಾಣ್ಯದಲ್ಲಿ ಸಿಂಹದ ಕೇಸರವೂ ಕಾಣುತ್ತೆ. ಅದೇ ಅಚ್ಚು ಲಕ್ಷಗಟ್ಟಲೆ ಒತ್ತಿದ ಮೇಲೆ ಗೆರೆಗಳು ಮೊಂಡಾಗುತ್ತವೆ, ಅಕ್ಷರದ ಅಂಚು ಕರಗಿದ ಹಾಗಾಗುತ್ತೆ, ನಾಣ್ಯದ ಬಯಲಿನಲ್ಲಿ ಅಂಚಿನ ಕಡೆಗೆ ಸೂಕ್ಷ್ಮ ಗೀಟುಗಳು ಬೀಳುತ್ತವೆ. ಅಚ್ಚಿನ ಸಂದಿಗೆ ಎಣ್ಣೆ, ಕೊಳೆ ತುಂಬಿದರೆ ಒಂದು ಅಂಕಿಯೇ ಮಾಯ. ಅಚ್ಚು ಬಿರುಕು ಬಿಟ್ಟರೆ ಆ ಬಿರುಕು ಉಬ್ಬಿದ ಗೆರೆಯಾಗಿ ಎಲ್ಲ ನಾಣ್ಯದ ಮೇಲೂ ಬರುತ್ತೆ. ಯಾವಾಗ ಅಚ್ಚು ಬದಲಿಸಬೇಕು ಅನ್ನೋದು ನಿಜವಾದ ಪ್ರಶ್ನೆ. ಬೇಗ ಬದಲಿಸಿದರೆ ಖರ್ಚು, ತಡ ಮಾಡಿದರೆ ಮಸುಕು. ಚಿಲ್ಲರೆಗೆ ಬರ ಇರೋ ವರ್ಷ ಯಾರೂ ಬೇಗ ಬದಲಿಸಲ್ಲ. ನಮ್ಮ ಆಫೀಸಿನಲ್ಲೂ ರಿಲೀಸ್ ಹತ್ತಿರ ಬಂದಾಗ ಟೆಸ್ಟಿಂಗ್ ಹೇಗೆ ಆಗುತ್ತೆ ಅಂತ ಗೊತ್ತಿರೋರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಮಾವನ ಹಿಡಿ ಗೂಡಿನ ಲೆಕ್ಕವನ್ನೇ ಇಂಗ್ಲೆಂಡಿನವರು 1282ರಿಂದ ನಾಣ್ಯಕ್ಕೆ ಮಾಡುತ್ತಿದ್ದಾರೆ. ಅಲ್ಲಿನ ರಾಯಲ್ ಮಿಂಟ್ ಹೊಡೆದ ನಾಣ್ಯಗಳಲ್ಲಿ ಅಲ್ಲೊಂದು ಇಲ್ಲೊಂದು ತೆಗೆದು ಪೆಟ್ಟಿಗೆಗೆ ಹಾಕುತ್ತಾ ಹೋಗಿ, ಆಮೇಲೆ ಅಕ್ಕಸಾಲಿಗರ ಸಂಘದವರು ಪಂಚರಾಗಿ ಕೂತು ತೂಕ, ಲೋಹ ಪರೀಕ್ಷೆ ಮಾಡಿ ತೀರ್ಪು ಕೊಡುತ್ತಾರೆ. ಟ್ರಯಲ್ ಆಫ್ ದಿ ಪಿಕ್ಸ್ ಅಂತ ಹೆಸರು. ಅಲ್ಲೂ ನಂಬಿಕೆ ಇಡೋದು ಹಿಡಿಯ ಮೇಲೆ, ಹೆಸರಿನ ಮೇಲಲ್ಲ.

ಹಾಗಾದರೆ ಅತ್ತೆಯ ಡಬ್ಬದಲ್ಲಿ ನಕಲಿ ಎಷ್ಟು? ನನ್ನ ಪರೀಕ್ಷೆಗೆ ಒಂದೂ ಸಿಗಲಿಲ್ಲ. ನಕಲಿ ನಾಣ್ಯ ಇಲ್ಲವೇ ಇಲ್ಲ ಅಂತಲ್ಲ, 2016ರಲ್ಲಿ ದೆಹಲಿ ಪೊಲೀಸರು ನಕಲಿ ನಾಣ್ಯದ ಕಾರ್ಖಾನೆಯನ್ನೇ ಹಿಡಿದಿದ್ದರು. ಆದರೆ ಮಾಲು ಹಾಕುವವನು ಹೇಳಿದ ಮೂರೂ ಕಾರಣ ನಕಲಿಯ ಲಕ್ಷಣಗಳಲ್ಲ.

ಗೆರೆಯ ವಿಷಯ: 2008ರಿಂದ 2010ರವರೆಗಿನ ಇಸವಿಯ ವಿನ್ಯಾಸದಲ್ಲಿ 15 ಕಿರಣ, ರೂಪಾಯಿ ಚಿಹ್ನೆ ಇಲ್ಲ. ಚಿಹ್ನೆ ಹುಟ್ಟಿದ್ದೇ 2010ರಲ್ಲಿ, ಅದಕ್ಕೂ ಮೊದಲಿನ ನಾಣ್ಯದಲ್ಲಿ ಅದು ಹೇಗೆ ಇರಬೇಕು? 2011ರಿಂದ ಚಿಹ್ನೆ ಬಂತು, ಕಿರಣ 10 ಆಯಿತು. ಎರಡೂ ಸರ್ಕಾರ ಹೊಡೆದದ್ದೇ. ಇದರ ಜೊತೆ ಮಹಾನುಭಾವರ, ಸಂಸ್ಥೆಗಳ ನೆನಪಿಗೆ ಹೊಡೆದವು ಬೇರೆ. ಗೊಂದಲ ಜಾಸ್ತಿಯಾಗಿ ರಿಸರ್ವ್ ಬ್ಯಾಂಕ್ 2016ರ ನವೆಂಬರ್‌ನಲ್ಲಿ ಒಂದು ಸಲ, 2018ರ ಜನವರಿ 17ರಂದು ಇನ್ನೊಂದು ಸಲ ಪ್ರಕಟಣೆ ಕೊಟ್ಟಿತು. ಎರಡನೇ ಸಲದ ಪ್ರಕಟಣೆಯಲ್ಲಿ 10 ರೂಪಾಯಿಯ 14 ವಿನ್ಯಾಸಗಳನ್ನು ಪಟ್ಟಿ ಮಾಡಿ, ಹದಿನಾಲ್ಕೂ ನಡೆಯುತ್ತವೆ ಅಂತ ಹೇಳಿತು. 2009ರಲ್ಲಿ ಚಲಾವಣೆಗೆ ಬಂದ ಒಂದು ನಾಣ್ಯಕ್ಕೆ ಒಂಬತ್ತೇ ವರ್ಷದಲ್ಲಿ 14 ಮುಖ! 2019ರಲ್ಲಿ ಕಣ್ಣು ಕಾಣದವರಿಗೂ ಗುರುತು ಸಿಗಲಿ ಅಂತ ಹೊಸ ಸರಣಿ ಬಂತು, ಅದು ಸೇರಿಸಿದರೆ ಇನ್ನೂ ಜಾಸ್ತಿ.

ಚುಕ್ಕೆ ಇಲ್ಲ ಅನ್ನೋದಕ್ಕೆ ಉತ್ತರ ಆಗಲೇ ಸಿಕ್ಕಿದೆ. ಚುಕ್ಕೆ ಇಲ್ಲದಿರೋದೇ ಕೋಲ್ಕತ್ತದ ಗುರುತು.

ಜನರದ್ದೇ ತಪ್ಪು ಅಂತ ನಾನು ಹೇಳಲ್ಲ. 2011ಕ್ಕೆ ಮುಂಚಿನ ಸ್ಟೀಲಿನ 1 ರೂಪಾಯಿ 25 ಮಿಲಿಮೀಟರ್ ಅಗಲ, 4.85 ಗ್ರಾಂ. 2011ರಿಂದ ಬಂದ 2 ರೂಪಾಯಿ? ಅದೂ 25 ಮಿಲಿಮೀಟರ್, ಅದೂ 4.85 ಗ್ರಾಂ. ಕತ್ತಲಲ್ಲಿ ಬಸ್ ಕಂಡಕ್ಟರ್ ಕೈಗೆ ಎರಡೂ ಒಂದೇ. 5 ರೂಪಾಯಿಯಂತೂ 9 ಗ್ರಾಂನ ದಪ್ಪ ಬಿಳಿ ನಾಣ್ಯವಾಗಿ ಶುರುವಾಗಿ, 2007ರಲ್ಲಿ 6 ಗ್ರಾಂ ಸ್ಟೀಲಾಗಿ, ಆಮೇಲೆ ಹಳದಿಯಾಯಿತು. ಮೇಲಿಂದ ಮೇಲೆ ವೇಷ ಬದಲಿಸೋ ವಸ್ತುವನ್ನು ಜನ ಅನುಮಾನದಿಂದ ನೋಡಿದರೆ ಅದರಲ್ಲಿ ನ್ಯಾಯ ಇದೆ. ನಷ್ಟ ಆಗೋದು ಮಾತ್ರ ಬೇರೆಯವರಿಗೆ. ನನಗೆ 10 ರೂಪಾಯಿ ನಾಣ್ಯ ಬೇಡ ಅನ್ನಿಸಿದರೆ ಫೋನ್ ತೆಗೆದು ಸ್ಕ್ಯಾನ್ ಮಾಡ್ತೀನಿ. ಅತ್ತೆಯ ಹತ್ತಿರ ಬಾಳೆಹಣ್ಣು ತಗೊಳೋ ಅಜ್ಜಿಗೆ ಸೆರಗಿನ ಗಂಟಲ್ಲಿ ಇರೋದೇ ಅದು.

ಒಂದೇ ಬೆಲೆಯ ನಾಣ್ಯ ಊರೂರಿಗೆ ಬೇರೆ ಬೇರೆಯಾಗಿ ಕಾಣೋದು ನಮ್ಮ ಸೀಮೆಗೆ ಹೊಸದೇನಲ್ಲ. ನಮ್ಮ ಮನೆಯ ದೇವರ ಪೆಟ್ಟಿಗೆಯಲ್ಲಿ ಒಂದು ತಾಮ್ರದ ಆನೆ ದುಡ್ಡಿದೆ. ಮೇಲ್ಗಡೆ ತೂತು, ಅಜ್ಜಿ ಮಕ್ಕಳ ಉಡಿದಾರಕ್ಕೆ ಕಟ್ಟುತ್ತಿದ್ದರಂತೆ, ನನ್ನ ಸೊಂಟದಲ್ಲೂ ಇತ್ತಂತೆ. ಟಿಪ್ಪು ಕಾಲದ ಪೈಸೆ ಅದು. ಒಂದು ಕಡೆ ಆನೆ, ಇನ್ನೊಂದು ಕಡೆ ಪರ್ಷಿಯನ್ ಅಕ್ಷರದಲ್ಲಿ ನಾಣ್ಯದ ಹೆಸರು ಮತ್ತು ಅದನ್ನು ಹೊಡೆದ ಊರು.

ಟಿಪ್ಪು ಪೈಸೆಗೆ ಜೊಹ್ರಾ ಅಂತ ಹೆಸರಿಟ್ಟಿದ್ದ, ಅಂದರೆ ಶುಕ್ರಗ್ರಹ. ಅರ್ಧ ಪೈಸೆಗೆ ಬಹ್ರಾಮ್, ಅಂದರೆ ಮಂಗಳ. ಕಾಲು ಪೈಸೆಗೆ ಅಖ್ತರ್, ನಕ್ಷತ್ರ. ತಾಮ್ರದ ಚಿಲ್ಲರೆಗೆ ಆಕಾಶದ ಹೆಸರು ಇಟ್ಟವನು ಟಂಕಸಾಲೆ ಊರುಗಳನ್ನೂ ಬಿಡಲಿಲ್ಲ. ಚಿತ್ರದುರ್ಗ ಫರುಖ್‌ಯಾಬ್ ಹಿಸಾರ್ ಆಯಿತು, ಧಾರವಾಡ ಖುರ್ಷಿದ್ ಸವಾದ್ ಆಯಿತು. ನಾಣ್ಯ ಓದೋಕೆ ಕೂತವರಿಗೆ ಮೊದಲು ಹೆಸರು ಬಿಡಿಸೋದೇ ಕೆಲಸ. (ಕ್ಲೋಸ್‌ಪೇಟೆ ರಾಮನಗರ ಆಗಿ, ಜಿಲ್ಲೆ ಈಗ ಬೆಂಗಳೂರು ದಕ್ಷಿಣ ಆಗಿರೋ ನಮ್ಮಂಥವರಿಗೆ ಇದು ಚೆನ್ನಾಗಿ ಅರ್ಥವಾಗುತ್ತೆ.) ಮದ್ರಾಸ್ ಮ್ಯೂಸಿಯಂ ನೋಡಿಕೊಳ್ಳುತ್ತಿದ್ದ ಹೆಂಡರ್ಸನ್ ಅನ್ನುವವರು 1921ರಲ್ಲಿ ಹೈದರ್ ಮತ್ತು ಟಿಪ್ಪು ನಾಣ್ಯಗಳ ಮೇಲೆ ಒಂದು ಪುಸ್ತಕವನ್ನೇ ಬರೆದರು. ಈಗಲೂ ಸಂಗ್ರಹಕಾರರು ಅದನ್ನೇ ಹಿಡಿದು ನಾಣ್ಯ ಬೇರ್ಪಡಿಸುತ್ತಾರೆ.

ಅಲ್ಲಿನ ಚಿತ್ರಗಳನ್ನು, ಸಂಗ್ರಹಗಳ ಫೋಟೋಗಳನ್ನು ನೋಡುತ್ತಾ ಕೂತರೆ ಹೊತ್ತು ಹೋಗೋದೇ ತಿಳಿಯಲ್ಲ. ಪಟ್ಟಣ, ಅಂದರೆ ಶ್ರೀರಂಗಪಟ್ಟಣದ ಆನೆ ತುಂಬಿದ ಮೈ, ಎತ್ತಿದ ಸೊಂಡಿಲು, ನಡೆಯುತ್ತಿರೋ ಕಾಲು. ರಾಜಧಾನಿಯ ಅಚ್ಚು ಕೊರೆಯೋನಿಗೆ ದಿನಾ ಆನೆ ಕಾಣುತ್ತಿತ್ತು ಅನ್ನಿಸುತ್ತೆ. ದೂರದ ಟಂಕಸಾಲೆಗಳಿಗೆ ಹೋಗ್ತಾ ಹೋಗ್ತಾ ಕೆಲವು ಆನೆಗಳು ಸಣ್ಣಗಾಗುತ್ತವೆ, ಕಾಲು ಕಂಬವಾಗುತ್ತೆ, ಒಂದೆರಡಂತೂ ಹಂದಿಗೆ ಸೊಂಡಿಲು ಅಂಟಿಸಿದ ಹಾಗಿವೆ. ಕೆಲವು ಎಡಕ್ಕೆ ನೋಡುತ್ತವೆ, ಕೆಲವು ಬಲಕ್ಕೆ. ಆಗ ಯಂತ್ರ ಇಲ್ಲ, ಬಿಲ್ಲೆಯನ್ನು ಅಚ್ಚಿನ ಮೇಲಿಟ್ಟು ಸುತ್ತಿಗೆಯಿಂದ ಹೊಡೆಯೋದು. ಅಚ್ಚಿಗಿಂತ ಬಿಲ್ಲೆ ಚಿಕ್ಕದಾದರೆ ಆನೆಯ ಬಾಲವೋ ಊರಿನ ಹೆಸರೋ ಆಚೆ ಉಳಿದುಬಿಡುತ್ತೆ. ನಮ್ಮ ಮನೆಯ ಪೈಸೆಯಲ್ಲಿ ಊರಿನ ಹೆಸರು ಇರಬೇಕಾದ ಕಡೆಯೇ ಅಜ್ಜಿ ಹಾಕಿಸಿದ ತೂತು ಇದೆ. ಯಾವ ಟಂಕಸಾಲೆ ಅಂತ ಹೇಳೋಕೆ ಸಾಧ್ಯವೇ ಇಲ್ಲ.

ಆದರೂ ಅದು ಪೈಸೆಯಾಗಿ ನಡೆದಿದೆ, ಸವೆದಿರೋ ರೀತಿಯೇ ಹೇಳುತ್ತೆ. ಟಿಪ್ಪು ಸತ್ತ ಮೇಲೂ ಆನೆ ಹೋಗಲಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ಕಾಸಿನ ಮೇಲೂ ಆನೆಯೇ, ಆದರೆ ಜೊತೆಗೆ ಕನ್ನಡದಲ್ಲಿ ಶ್ರೀ ಬಂತು. ಆಳೋರು ಬದಲಾದರೂ ಸಂತೆಯಲ್ಲಿ ಕೂತವನ ಕಣ್ಣಿಗೆ ಆನೆ ಕಂಡರೆ ಸಾಕಿತ್ತು.

ಮಾಗಡಿ ಕಡೆಯವರು ಕೆಂಪೇಗೌಡರ ಕಥೆ ನೆನಪಿಸಿಕೊಳ್ಳಬಹುದು. ವಿಜಯನಗರದ ಅಪ್ಪಣೆ ಇಲ್ಲದೆ ತಮ್ಮದೇ ನಾಣ್ಯ ಹೊಡೆಸಿದ್ದಕ್ಕೆ ಆನೆಗೊಂದಿಯ ಸೆರೆಯಲ್ಲಿ ವರ್ಷಗಟ್ಟಲೆ ಇರಬೇಕಾಯಿತು ಅಂತ ಹೇಳುತ್ತಾರೆ. ಆ ಕಥೆಯಲ್ಲಿ ನಾಣ್ಯ ಚೆನ್ನಾಗಿತ್ತೋ ಇಲ್ಲವೋ ಅನ್ನೋ ಮಾತೇ ಬರಲ್ಲ. ಯಾರ ಹೆಸರಲ್ಲಿ ಹೊಡೆದರು ಅನ್ನೋದಷ್ಟೇ ಪ್ರಶ್ನೆ. ಈಗಲೂ ಕಾನೂನಿನ ಮಾತು ಅದೇ: ನಾಣ್ಯ ಹೊಡೆಸೋ ಹಕ್ಕು ಭಾರತ ಸರ್ಕಾರದ್ದು, ಹಂಚೋ ಕೆಲಸ ರಿಸರ್ವ್ ಬ್ಯಾಂಕಿನದು. 2011ರ ನಾಣ್ಯ ಕಾಯ್ದೆಯ ಪ್ರಕಾರ 1 ರೂಪಾಯಿ ಮತ್ತು ಅದಕ್ಕಿಂತ ಮೇಲಿನ ನಾಣ್ಯಗಳಲ್ಲಿ ಒಂದು ಸಲಕ್ಕೆ 1,000 ರೂಪಾಯಿವರೆಗೆ ಪಾವತಿ ಮಾಡಬಹುದು. ಸಿಂಹದ ಮೂಗು ಮೂಡಿಲ್ಲ ಅಂತ ಅದರ ಬೆಲೆ ಒಂಬತ್ತು ರೂಪಾಯಿ ಆಗಲ್ಲ.

ಹದಿಮೂರು ರೂಪಾಯಿಯೂ ಆಗಲ್ಲ, ಇದನ್ನೂ ಹೇಳಿಬಿಡಬೇಕು. ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರುತ್ತೆ: "ಈ ಗುರುತಿನ ನಾಣ್ಯ ಇದ್ದರೆ ನಿಮಗೆ 5 ಲಕ್ಷ!" ಫೋಟೋ ಕಳಿಸಿದರೆ ನೋಂದಣಿ ಶುಲ್ಕ, ತೆರಿಗೆ, ಕಮಿಷನ್ ಅಂತ ನಿಮ್ಮ ಹತ್ತಿರವೇ ದುಡ್ಡು ಕೀಳುತ್ತಾರೆ. ರಿಸರ್ವ್ ಬ್ಯಾಂಕಿನ ಹೆಸರನ್ನೇ ಹಾಕಿಕೊಂಡು ಮಾಡುತ್ತಿದ್ದರು, ಅದಕ್ಕೇ 2021ರ ಆಗಸ್ಟ್‌ನಲ್ಲಿ ಬ್ಯಾಂಕು ತಾನು ಹಳೇ ನಾಣ್ಯದ ವ್ಯಾಪಾರದಲ್ಲಿಲ್ಲ, ಯಾರಿಗೂ ಅಂಥ ಶುಲ್ಕ ಕೇಳಲ್ಲ ಅಂತ ಎಚ್ಚರಿಕೆ ಕೊಟ್ಟಿತು. ಕೋಟಿಗಟ್ಟಲೆ ಹೊಡೆದ ನಾಣ್ಯದ ಕೆಳಗಿನ ನಕ್ಷತ್ರ ಅಪರೂಪದ್ದು ಅಲ್ಲ. ಅಚ್ಚು ತಿರುಗಿದ್ದು, ಬಳೆಯಿಂದ ಜಾರಿದ್ದು ಅಂಥವಕ್ಕೆ ಹವ್ಯಾಸಿಗಳು ಸ್ವಲ್ಪ ಹೆಚ್ಚಿಗೆ ಕೊಡುತ್ತಾರೆ ನಿಜ, ಲಕ್ಷ ಅಲ್ಲ. ಒಂದೇ ನಾಣ್ಯ ಒಬ್ಬನಿಗೆ ಹತ್ತು ರೂಪಾಯಿಯೂ ಬಾಳಲ್ಲ, ಇನ್ನೊಬ್ಬನಿಗೆ ಐದು ಲಕ್ಷ ಬಾಳುತ್ತೆ. ಎರಡಕ್ಕೂ ತೋರಿಸೋ ಕಾರಣ ಅದೇ ಚುಕ್ಕೆ.

ಮಾಲು ಹಾಕುವವನಿಗೆ ರಿಸರ್ವ್ ಬ್ಯಾಂಕಿನ ಪ್ರಕಟಣೆ ಪ್ರಿಂಟ್ ತೆಗೆದು ತೋರಿಸಿದೆ. "ನೀವು ಹೇಳೋದು ಸರಿ ಸಾರ್, ನನ್ ಹತ್ರ ಮುಂದಿನೋರು ತಗೊಬೇಕಲ್ಲ" ಅಂದ. ಅವನ ಮಾತಲ್ಲೂ ಸುಳ್ಳಿಲ್ಲ. ಸರಪಳಿಯಲ್ಲಿ ಒಬ್ಬನಿಗೆ ಮನವರಿಕೆ ಮಾಡಿದರೆ ಸಾಲದು.

ಉಳಿದಿದ್ದು ಬ್ಯಾಂಕು. ನಾಣ್ಯ ತಗೊಳಲ್ಲ ಅನ್ನೋ ಹಾಗಿಲ್ಲ ಅಂತ ರಿಸರ್ವ್ ಬ್ಯಾಂಕ್ ಎಲ್ಲ ಶಾಖೆಗಳಿಗೆ ಸೂಚನೆ ಕೊಟ್ಟಿದೆ. ನೂರು ನೂರರಂತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕೊಟ್ಟರೆ ಅವರಿಗೂ ಸುಲಭ, ನಮಗೂ ಸುಲಭ. ನಾಲ್ಕು ಚೀಲ ಕಟ್ಟಿದೆವು. ಗುಡ್ಡೆಗಳನ್ನು ಮತ್ತೆ ಕಲಸಿಯೇ ಕಟ್ಟಿದ್ದು, ವಜ್ರ, ನಕ್ಷತ್ರ, ಚುಕ್ಕೆ ಎಲ್ಲ ಸೇರಿಸಿ. ಕೌಂಟರಿನಲ್ಲಿದ್ದವರು ಮೊದಲು ಮುಖ ಸಿಂಡರಿಸಿದರು, ಆಮೇಲೆ ಒಂದು ಚೀಲ ಬಿಚ್ಚಿ ಎಣಿಸಿ, ಮಿಕ್ಕ ಮೂರನ್ನು ಅದರ ಜೊತೆ ತೂಗಿ ನೋಡಿ ಒಳಗಿಟ್ಟರು. ಅತ್ತೆಯ ಪಾಸ್‌ಬುಕ್ಕಿನಲ್ಲಿ 4,000 ಬಿತ್ತು. ಬಾಕಿ ಹನ್ನೆರಡನ್ನು ಅವರು ಗಲ್ಲಾಪೆಟ್ಟಿಗೆಗೆ ಹಾಕಿಕೊಂಡರು, ಸಂಜೆ ಪೂಜೆಗೆ ಬರೋರಿಗೆ ಚಿಲ್ಲರೆ ಬೇಕಲ್ಲ ಅಂತ.